ಹುಡ್ ಇಳಿಸದ ದಿನ

ಅವರ ಹೆಸರು ನನಗೆ ತಿಳಿದದ್ದು ಮಸೀದಿಯ ಮೈಕಿನಿಂದ. ಬೆಟಗೇರಿಯ ನಮ್ಮ ಆಟೋ ಸ್ಟ್ಯಾಂಡಿನಲ್ಲಿ ಬೆಳಗಿನ ಚಹಾ ಹಿಡಿದು ನಿಂತಿದ್ದೆ. ಮೈಕಿನಲ್ಲಿ ಒಬ್ಬರು ತೀರಿಕೊಂಡ ಸುದ್ದಿ ಹೇಳಿದರು. ಅವರ ಹೆಸರು, ಅವರ ತಂದೆಯ ಹೆಸರು, ಮಣ್ಣು ಮಾಡುವ ಹೊತ್ತು. ಯಾರೋ ನನಗೆ ಗುರುತಿಲ್ಲದವರು ಅಂದುಕೊಂಡು ಇನ್ನೊಂದು ಗುಟುಕು ಕುಡಿದೆ. ಆಗ ಚಹಾದಂಗಡಿಯವನು ಕೆಟಲಿ ಕೆಳಗಿಟ್ಟು, "ಕಾಕಾ, ನಮ್ಮ ಹುಡ್ ಚಾಚಾ ಹೋದ್ರಲ್ರೀ" ಅಂದ.

ಮೂವತ್ತು ವರ್ಷದ ಮೇಲೆ ಅವರ ಅಂಗಡಿಯ ಮುಂದೆ ಕೂತು ಎದ್ದವನು ನಾನು. ಹೆಸರು ಕೇಳಿರಲಿಲ್ಲ. ಇಡೀ ಊರಿಗೆ ಅವರು ಹುಡ್ ಚಾಚಾ. ಆಟೋದ ಹುಡ್ ಹೊಲಿಯುವವರು.

ಇದನ್ನು ಬರೆಯಲು ಕುಳಿತಾಗಿನಿಂದ ಒಂದು ಕಡೆ ಕೂರಲು ಆಗುತ್ತಿಲ್ಲ. ಎರಡು ಸಾಲು ಬರೆಯುವುದು, ಎದ್ದು ಅಂಗಳಕ್ಕೆ ಹೋಗಿ ಆಟೋದ ಮೇಲೆ ಕೈಯಾಡಿಸಿ ಬರುವುದು. ಮನೆಯಾಕೆ ಒಳಗಿನಿಂದ, "ಬರಿಯೋದಿದ್ರ ಬರೀರಿ, ಇಲ್ಲಂದ್ರ ಉಂಡು ಮಕ್ಕೋರಿ. ಬಾಗಲಾ ಎಷ್ಟ ಸಲ ಕಿರ್ ಅನಸ್ತೀರಿ" ಎನ್ನುತ್ತಾಳೆ. ಆದರೂ ಬರೆಯಬೇಕು. ಚಾಚಾನ ವಿಷಯವಾಗಿ ನಾನು ಮಾಡಿದ್ದು ಸ್ಟ್ಯಾಂಡಿನ ಹುಡುಗರಿಗೆ ಅರ್ಧ ಗೊತ್ತು. ಪೂರ್ತಿ ಗೊತ್ತಿರುವುದು ಒಬ್ಬರಿಗೇ.

ಚಾಚಾನ ಡಬ್ಬಿ ಅಂಗಡಿ ಒಂದು ಬೇವಿನ ಗಿಡದ ಕೆಳಗಿತ್ತು. ಒಳಗೆ ಒಂದು ಹೊಲಿಗೆ ಮಿಷನ್, ರೆಗ್ಜಿನ್ ಸುರುಳಿಗಳು, ಗೋಡೆಗೆ ಚುಚ್ಚಿದ ದಬ್ಬಣಗಳು, ಮೇಣ ತಿಕ್ಕಿದ ದಾರದ ಉಂಡೆ. ಚಾಚಾ ಒಳಗೆ ಕೂರುತ್ತಿದ್ದುದು ಕಡಿಮೆ. ಹೊರಗೆ ನಿಲ್ಲಿಸಿದ ಯಾವುದೋ ಗಾಡಿಯ ಕಮಾನಿನ ಕೆಳಗೆ ಕತ್ತು ಮೇಲೆ ಮಾಡಿ ನಿಂತಿರುತ್ತಿದ್ದರು. ಬಾಯಿತುಂಬ ಎಲೆ ಅಡಿಕೆ. ಅದಕ್ಕೇ ಮಾತು ಸ್ವಲ್ಪ ತೊದಲು. ಬಂದವರ ಮುಖ ನೋಡುತ್ತಿರಲಿಲ್ಲ. ಗಾಡಿಯ ನೆತ್ತಿ ನೋಡಿ, "ಬಾ, ಎಡಕ್ಕ ಸೋರೂ ಗಾಡಿಯಾವ" ಎನ್ನುತ್ತಿದ್ದರು. ನನ್ನನ್ನು ಮಾತ್ರ ಬೇರೆ ಹೆಸರಿನಿಂದ ಕರೆಯುತ್ತಿದ್ದರು. ಸ್ಟ್ಯಾಂಡಿನಲ್ಲಿ ಹತ್ತನೇ ಇಯತ್ತೆ ಪಾಸಾದವನು ನಾನೊಬ್ಬನೇ ಇದ್ದೆ. "ಏ ಎಸ್ಸೆಸ್ಸೆಲ್ಸಿ, ಕುಂಡ್ರಲೇ" ಎನ್ನುವರು. ಆ ಒಂದು ಪಾಸಿನ ಜೋರಿನ ಮೇಲೆ ಸ್ಟ್ಯಾಂಡಿನ ಬೋರ್ಡು ಬರೆಯುವವನು ನಾನು, ಪಾಳಿಯ ನಿಯಮ ಮಾಡುವವನು ನಾನು, ಜಗಳದಲ್ಲಿ ಕೊನೆಯ ಮಾತು ನನ್ನದು. ಈ ಕೊನೆಯ ಮಾತಿನ ಚಟವೇ ನನ್ನನ್ನು ಕೆಡಿಸಿತು.

ಚಾಚಾನ ಲೋಕದಲ್ಲಿ ತಲೆಯ ಮೇಲೆ ಬರುವುದೆಲ್ಲ ಹುಡ್. ಹುಡುಗನಾಗಿದ್ದಾಗ ಅಪ್ಪನ ಜೊತೆ ಟಾಂಗಾದ ಹುಡ್ ಹೊಲಿದವರು. ಟಾಂಗಾ ಹೋದವು, ಆಟೋ ಬಂದವು. ಅಸುಂಡಿಯ ರೈತರು ಟ್ರ್ಯಾಕ್ಟರಿಗೆ ನೆರಳು ಬೇಕೆಂದು ಬರುತ್ತಿದ್ದರು, ಅದೂ ಹುಡ್. ಹಣ್ಣಿನ ತಳ್ಳುಗಾಡಿಯ ಮೇಲಿನದು ಹುಡ್. ಕೂಸಿನ ಬಂಡಿಯದು ಸಣ್ಣ ಹುಡ್. ಉಳಿದ ರೆಗ್ಜಿನ್ ತುಂಡುಗಳಿಂದ ಮಳೆಗಾಲಕ್ಕೆ ಕೊಪ್ಪಿ ಮಾಡಿ ಅಂಗಡಿಯ ಮೊಳೆಗೆ ನೇತುಹಾಕುತ್ತಿದ್ದರು. ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದಕ್ಕೆ ತೂರಿಸಿ ತಲೆ, ಬೆನ್ನು ಮುಚ್ಚುವಂತೆ ಹೊದೆಯುತ್ತೇವಲ್ಲ, ಹಾಗೆ. ಸಂತೆಗೆ ಬಂದ ಸೊಪ್ಪು-ತಪ್ಪಲ ಮಾರುವ ಹೆಣ್ಣುಮಕ್ಕಳು ಮಳೆ ಬಂದರೆ ತಾವೇ ತೆಗೆದು ಹೊದ್ದುಕೊಂಡು ಹೋಗುತ್ತಿದ್ದರು. ಮುಂದಿನ ಸಂತೆಗೆ ಕೆಲವರು ತಂದು ಹಾಕುವರು, ಕೆಲವರು ಇಲ್ಲ. ಚಾಚಾ ಕೇಳುತ್ತಿರಲಿಲ್ಲ.

ಅಂಗಡಿಯ ಹಿಂದೆ ಅದೇ ಬೇವಿನ ಬುಡದಲ್ಲಿ ಕಲ್ಲಿನ ನಾಗಪ್ಪ. ಪಂಚಮಿಗೆ ಹಾಲೆರೆಯಲು ಹೆಣ್ಣುಮಕ್ಕಳು ಬಂದರೆ ಚಾಚಾ ಮಿಷನ್ ನಿಲ್ಲಿಸಿ ದಾರಿ ಬಿಡುತ್ತಿದ್ದರು. ಒಂದು ಸಲ ನನಗೆ ಕೇಳುವಂತೆ, "ನೋಡಲೇ, ಐದು ಹೆಡಿ. ಅಂದ್ರ ಐದು ಹುಡ್. ಎಲ್ಲಾವೂ ಒಮ್ಮೆಲೇ ಎತ್ತ್ಯಾನ. ಇವನ ಗಾಡಿ ನನ್ನ ಕಡೆ ಬಂದಿತ್ತಂದ್ರ ನಾ ಸತ್ತ ಹೋಗತಿದ್ದೆ" ಅಂದರು. ಹಾಲಿನ ತಂಬಿಗೆ ಹಿಡಿದ ಮುದುಕಿಯೊಬ್ಬಳು ತಿರುಗಿ, "ಚಾಚಾ, ಹಬ್ಬದ ದಿನಾ ಸಾಯೂ ಮಾತ ಆಡಬ್ಯಾಡ್ರಿ, ಈ ಉಂಡಿ ತಿನ್ರಿ" ಎಂದು ಎಳ್ಳುಂಡೆ ಕೊಟ್ಟಳು. ಚಾಚಾ ಎಲೆ ಅಡಿಕೆ ಉಗುಳಿ ಬಾಯಿ ತೊಳೆದುಕೊಂಡು ಬಂದೇ ತಿಂದರು.

ಈಚೆಗೆ ನಾಗಾವಿಯ ಕಡೆ ಓದುವ ಹುಡುಗನೊಬ್ಬ ತಲೆಯ ಮೇಲೆ ಟೊಪ್ಪಿಗೆಯಂಥದ್ದು ಜೋಡಿಸಿದ ಅಂಗಿ ತಂದಿದ್ದ. ಅದರ ಹೊಲಿಗೆ ಬಿಚ್ಚಿತ್ತು.

"ಏನಂತಾರೋ ಇದಕ್ಕ?"

"ಹುಡೀ ಅಂತಾರ ಅಜ್ಜಾ."

ಚಾಚಾನ ಕಣ್ಣು ಅರಳಿದವು. "ನಿನಗೂ ಹುಡ್ಡು ಬಂತಾ? ಪರ್ಮಿಟ್ ತಗೊಂಡೀಯಿಲ್ಲೋ? ಎಸ್ಸೆಸ್ಸೆಲ್ಸಿ, ಈ ಹುಡುಗನ್ನ ಪಾಳೇಕ ಹಚ್ಚೋ."

ಒಳ್ಳೆಯವರೆಂದು ಮಾತ್ರ ಹೇಳಿದರೆ ಸುಳ್ಳಾದೀತು. ಹೇಳಿದ ದಿನಕ್ಕೆ ಎಂದೂ ಕೆಲಸ ಕೊಟ್ಟವರಲ್ಲ. "ಶುಕ್ರವಾರ ನಮಾಜಿನ ಮುಂಚೆ" ಎನ್ನುತ್ತಿದ್ದರು. ಯಾವ ಶುಕ್ರವಾರ ಎಂದು ಹೇಳುತ್ತಿರಲಿಲ್ಲ. ಕೇಳಿದರೆ ಸಿಟ್ಟು. "ಹಾಂಗಾದ್ರ ಛತ್ರಿ ಹಿಡಕೊಂಡು ಹೊಡಿಯೋ ಗಾಡಿ!" ಆದರೆ ಹುಡ್ ಮುಗಿದ ದಿನ ಒಂದು ತಮಾಷೆ ಇರುತ್ತಿತ್ತು. ಬಿಳಿ ಅಂಗಿ ತೊಟ್ಟು ಬಂದು ಹಿಂದಿನ ಸೀಟಿನಲ್ಲಿ ಕೂರುವರು. ನಾವು ಕೊಡಗಟ್ಟಲೆ ನೀರು ಮೇಲೆ ಸುರಿಯಬೇಕು. ಅಂಗಿಯ ಮೇಲೆ ಒಂದು ಹನಿ ಬಿದ್ದರೂ ಆ ಹೊಲಿಗೆ ಬಿಚ್ಚುವರು. ಅಷ್ಟು ಹೊತ್ತು ಬಿಟ್ಟರೆ ಅವರು ಆಟೋದಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ಮಳೆಯಲ್ಲೂ ಹರಕು ಕೊಪ್ಪಿ ಹೊದ್ದು ನಡೆದೇ ಮನೆಗೆ ಹೋಗುವರು. "ಹತ್ರಿ ಚಾಚಾ, ಬಿಡತೀನಿ" ಅಂದರೆ, "ಒಲ್ಲೆಪಾ. ನಾ ಹೊಲದದ್ದರ ಕೆಳಗ ಕುಂತ್ರ ನನಗ ಹೊಲಿಗಿ ಅಷ್ಟಽ ಕಾಣತಾವ. ಊರು ಕಾಣೂದಿಲ್ಲ" ಎನ್ನುವರು.

ಇನ್ನು ನಮ್ಮ ಸ್ಟ್ಯಾಂಡಿನ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಗಾಡಿ ಹೊಡೆಯುವವರು ಯಾರಾದರೂ ತೀರಿಕೊಂಡರೆ ಮಣ್ಣಿಗೆ ಹೋಗುವಾಗ ಹುಡ್ ಇಳಿಸುತ್ತೇವೆ. ಕಮಾನಿನ ಕೊಂಡಿ ತೆಗೆದು ಹುಡ್ಡನ್ನು ಹಿಂದಕ್ಕೆ ಮಡಚಿ, ಗಾಡಿಯ ನೆತ್ತಿ ಬಯಲು ಮಾಡಿ, ಮೆಲ್ಲಗೆ ಹಿಂದೆ ಹೋಗುತ್ತೇವೆ. ಟಾಂಗಾದವರಿಂದ ಬಂದ ಪದ್ಧತಿ ಅದು. ಯಾಕೆ ಹೀಗೆ ಎಂದು ನಾನು ಚಾಚಾನನ್ನೇ ಕೇಳಿದ್ದೆ.

"ಸತ್ತವರ ಮುಂದ ನಾವು ತಲಿ ಮುಚಗೋತೀವಿ. ನೀವು ತಲಿ ಮ್ಯಾಲಿನ ಟೊಪಿಗಿ ತಗೀತೀರಿ. ಗಾಡಿಗೆ ಯಾವ ಜಾತಿಪಾ? ಅದು ತನಗ ತಿಳದಾಂಗ ಇಳಸತೈತಿ."

ರೆಗ್ಜಿನ್ ಹುಡ್ಡನ್ನು ಮಡಚಿದರೆ ಮಡಿಕೆಯ ಗುಂಟ ಸೀಳು ಬೀಳುತ್ತದೆ. ಅದಕ್ಕೇ ಚಾಚಾ ಬೇರೆ ದಿನ ಯಾರಾದರೂ ಶೋಕಿಗೆ ಮಡಚಿದರೆ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಮಣ್ಣಿನಿಂದ ಬಂದ ಗಾಡಿಗೆ ಮಾತ್ರ ಬೈಗುಳವಿಲ್ಲ, ಸುಮ್ಮನೆ ದಬ್ಬಣ ತೆಗೆದುಕೊಂಡು ಬರುವರು. ಆ ಸೀಳಿಗೆ ರೊಕ್ಕ ತೆಗೆದುಕೊಳ್ಳುತ್ತಿರಲಿಲ್ಲ. "ಇದು ನನ್ನ ಪಾಲಿಂದು" ಎನ್ನುವರು. ಅಷ್ಟೇ.

ಈಗಿನ ಗಾಡಿಗಳ ಮೇಲೆ ತಗಡಿನ ಗಟ್ಟಿ ನೆತ್ತಿ ಬಂದಿದೆ. ಅವು ಇಳಿಯುವುದಿಲ್ಲ. ಚಾಚಾ ತೀರಿಕೊಂಡ ದಿನ ನಮ್ಮ ಸ್ಟ್ಯಾಂಡಿನಲ್ಲಿ ಮಡಚಲು ಬರುವ ಹುಡ್ ಇದ್ದದ್ದು ನನ್ನದೊಂದೇ. ಅದನ್ನು ಚಾಚಾ ಸ್ವಲ್ಪ ದಿನ ಮುಂಚೆಯಷ್ಟೇ ಹೊಸದಾಗಿ ಹೊಲಿದು ಕೊಟ್ಟಿದ್ದರು. ಕರಿಯ ರೆಗ್ಜಿನ್, ಅಂಚಿಗೆ ಹಳದಿ ಪಟ್ಟಿ. ಕೈ ನಡುಗಲು ಹತ್ತಿದ್ದರಿಂದ ಅದೇ ಕೊನೆಯದು ಎಂದಿದ್ದರು. ನೀರು ಸುರಿದು ನೋಡುವಾಗ ಬಿಳಿ ಅಂಗಿಯಲ್ಲಿ ಒಳಗೆ ಕೂತು, "ಇನ್ನೊಂದು ಕೊಡಾ ಹಾಕಲೇ, ಸುದ್ದ ಆಗಲಿ" ಎಂದು ನಕ್ಕಿದ್ದರು.

ಚಹಾದಂಗಡಿಯ ಮುಂದೆ ಎಲ್ಲರೂ ಸೇರಿದರು. ಒಬ್ಬ ಹರೆಯದ ಹುಡುಗ, ನನ್ನ ಪಕ್ಕದ ಪಾಳಿಯವನು, ಅಂದ: "ಕಾಕಾ, ಹುಡ್ ಇಳಸ್ರಿ. ನಿಮ್ದೊಂದಽ ಉಳದೈತಿ. ಮುಂದ ನೀವು, ಹಿಂದ ನಾವು."

ನಾನು ಗಾಡಿಯ ಕಡೆ ನೋಡಿದೆ. ಆಗ ನನ್ನ ತಲೆಯಲ್ಲಿ ಬಂದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಇಳಿಸಿದರೆ ಸೀಳುತ್ತದೆ. ಸೀಳಿದರೆ ಹೊಲಿಯುವವರು ಇಲ್ಲ. ಅವರು ಇವತ್ತು ಸತ್ತಿದ್ದಾರೆ. ಹೀಗೆ, ಇದೇ ಸರತಿಯಲ್ಲಿ, ರೆಗ್ಜಿನ್ ಮೊದಲು ಬಂತು, ಅವರ ಸಾವು ಆಮೇಲೆ ಬಂತು.

ಆದರೆ ಬಾಯಿ ಬೇರೆ ಮಾತು ಹೇಳಿತು. "ಇಳಸೂದು ಗಾಡಿ ಹೊಡದವರಿಗೆ. ಚಾಚಾ ಗಾಡಿ ಹೊಡದವರಲ್ಲ. ನಾಳೆ ಪಂಕ್ಚರ್ ಅಂಗಡಿಯಾವ ಸತ್ರೂ ಇಳಸಬೇಕಾಗತೈತಿ. ಪದ್ಧತಿ ಅಂದ್ರ ಪದ್ಧತಿ."

ಹುಡುಗ ನನ್ನ ಮುಖವನ್ನೇ ನೋಡಿದ. "ಆತು ಬಿಡ್ರಿ ಕಾಕಾ. ನೀವು ಕಲತವರು" ಅಂದ. ಅದು ಮರ್ಯಾದೆಯ ಮಾತಾಗಿರಲಿಲ್ಲ.

ಹುಡ್ ಮೇಲಿಟ್ಟುಕೊಂಡೇ ಖಬರಸ್ತಾನದವರೆಗೆ ಹೋದೆವು. ಹಿಡಿ ಮಣ್ಣು ಹಾಕಿದೆ. ಸಂಜೆ ಮಾತನಾಡಿಸಲು ಅವರ ಮನೆಗೆ ಹೋದೆ. ಗಂಡ ತೀರಿದ ಹೆಂಗಸು ಇದ್ದತ್ತಿನಲ್ಲಿ ಇರಬೇಕು. ಆ ನಾಲ್ಕು ತಿಂಗಳು ಹತ್ತು ದಿನ ಮುಗಿಯುವ ತನಕ ಹೊರಗೆ ಬೀಳುವುದಿಲ್ಲ, ಹೊರಗಿನ ಗಂಡಸರ ಮುಂದೆ ಬರುವುದಿಲ್ಲ. ಚಾಚಾನ ಹೆಂಡತಿ, ನಮ್ಮೆಲ್ಲರ ಚಾಚಿ, ಪರದೆಯ ಆಚೆಯಿಂದ ಮಾತನಾಡಿದರು.

"ಭಾಯಿ, ಹುಡ್ ಇಳಸಿದ್ರೇನ್ರೀ?"

ಹೆಣ್ಣುಮಕ್ಕಳು ಖಬರಸ್ತಾನಕ್ಕೆ ಬಂದಿರಲಿಲ್ಲ. ಚಾಚಿ ನೋಡಿರಲಿಲ್ಲ.

"ಹೂಂ ಚಾಚಿ. ಇಳಸಿದ್ವಿ."

ಪರದೆಗೆ ಹೇಳಿದೆ. ಪರದೆಗೆ ಸುಳ್ಳು ಹೇಳುವುದು ಸುಲಭ. ಆಚೆ ಅಳು ಕೇಳಿಸಿತು, ಆಮೇಲೆ ಮಾತು. "ಭಾಳ ಸಲ ಕೇಳತಿದ್ರು ಭಾಯಿ. ನಾ ಗಾಡಿ ಹೊಡದಾವಲ್ಲ, ನನಗ ಇಳಸ್ತಾರೋ ಇಲ್ಲೋ ಅಂತ. ನಾ ಅಂತಿದ್ದೆ, ಎಸ್ಸೆಸ್ಸೆಲ್ಸಿ ಭಾಯಿ ಅದಾರ, ಅವರು ಹಾಂಗ ಬಿಡೂದಿಲ್ಲ ಅಂತ."

ಅಲ್ಲಿಂದ ಹೇಗೆ ಎದ್ದು ಬಂದೆ ನೆನಪಿಲ್ಲ.

ಅಂದಿನಿಂದ ಒಂದು ದಿನವೂ ನೆಟ್ಟಗೆ ಕೂತವನಲ್ಲ. ಮನೆಯಲ್ಲಿ ಕೂತರೆ ಸ್ಟ್ಯಾಂಡಿಗೆ ಹೋಗಬೇಕೆನಿಸುತ್ತಿತ್ತು. ಸ್ಟ್ಯಾಂಡಿನಲ್ಲಿ ಆ ಹುಡುಗನ ಮುಖ. ಬಾಡಿಗೆ ಇಲ್ಲದಿದ್ದರೂ ಗದಗಿನಲ್ಲಿ ಖಾಲಿ ಗಾಡಿ ಸುತ್ತಿಸುತ್ತಿದ್ದೆ. ಚಾಚಾನ ಅಂಗಡಿಯ ಬೀದಿ ಬಂದರೆ ಬೇರೆ ಬೀದಿ ಹಿಡಿಯುತ್ತಿದ್ದೆ. ಮಳೆಗಾಲ ಬಂತು. ಹೊಸ ಹುಡ್ ಒಂದು ಹನಿ ಸೋರಲಿಲ್ಲ. ಸೋರಿದ್ದರೆ ಒಳ್ಳೆಯದಿತ್ತು. ಹತ್ತಿದವರೆಲ್ಲ, "ಚಲೋ ಹುಡ್ ಐತ್ರೀ ಕಾಕಾ, ಯಾರು ಮಾಡ್ಯಾರು?" ಎಂದು ಕೇಳುತ್ತಿದ್ದರು.

ಮಳೆ ತೀರಿ ಬಿಸಿಲು ಬಿದ್ದ ಮೇಲೆ ಇದ್ದತ್ ಮುಗಿಯಿತು. ಚಾಚಿಯಿಂದ ಫೋನು ಬಂತು. ಮೊದಲ ಸಲ ಹೊರಗೆ ಬೀಳುವುದು ತವರಿಗೆ, ಲಕ್ಷ್ಮೇಶ್ವರಕ್ಕೆ. "ಮುಂಡರಗಿಯಿಂದ ಮಗಳು ಕರಕೊಂಡ ಹೋಗಾಕ ಬರತಿದ್ಳು. ನಾನಽ ಬ್ಯಾಡ ಅಂದೆ. ಅವರ ಮಣ್ಣಿಗೆ ಹುಡ್ ಇಳಸಿದ ಗಾಡಿ ಐತಿ, ಅದರಾಗಽ ಹೋಗತೀನಿ ಅಂದೆ."

"ಬರತೀನಿ ಚಾಚಿ" ಅಂದೆ.

ಬೆಳಿಗ್ಗೆ ಹೊರಟೆವು. ಚಾಚಿ ಒಂದು ಚೀಲ ಹಿಡಿದು ಹಿಂದೆ ಕೂತಿದ್ದರು. ಬಹಳ ದಿನಗಳ ಮೇಲೆ ಹೊಲ, ಗಿಡ ನೋಡುವವರಂತೆ ಎರಡೂ ಕಡೆ ನೋಡುತ್ತಿದ್ದರು. ನಾನಂತೂ ಆದಷ್ಟು ಕನ್ನಡಿಯಲ್ಲಿ ಕೂಡ ಹಿಂದೆ ನೋಡಲಿಲ್ಲ. ಶಿರಹಟ್ಟಿ ದಾಟಿದ ಮೇಲೆ ಚಾಚಿ ಕೈ ಮೇಲೆತ್ತಿ ಹುಡ್ಡಿನ ಒಳಗಿನ ಹೊಲಿಗೆಯ ಗುಂಟ ಬೆರಳಾಡಿಸುವುದು ಕನ್ನಡಿಯಲ್ಲಿ ಕಣ್ಣಿಗೆ ಬಿತ್ತು.

"ಕಡೇ ಹುಡ್ ಇದಽ ಅಲ್ಲ ಭಾಯಿ?"

"ಹೌದ್ರಿ."

"ಇಳಸಿದ್ರ ಸೀಳ ಬೀಳತಾವ ಅಂತಿದ್ರು. ಹುಡಕಾಕತ್ತೀನಿ, ಒಂದೂ ಸಿಗವಲ್ದು." ಅವರ ದನಿಯಲ್ಲಿ ನಗು ಇತ್ತು. "ಕೈ ನಡಗತಿದ್ರೂ ಎಷ್ಟು ಚಲೋ ಹೊಲದಾರ ನೋಡ್ರಿ."

ನನ್ನ ಕಾಲು ತಾನಾಗಿ ಬ್ರೇಕ್ ತುಳಿಯಿತು. ರಸ್ತೆಯ ಬದಿಗೆ ಗಾಡಿ ನಿಲ್ಲಿಸಿ ಇಂಜಿನ್ ಬಂದ್ ಮಾಡಿದೆ. ಕೆಳಗಿಳಿದು ಅವರ ಮುಂದೆ ನಿಂತೆ.

"ಸೀಳು ಇಲ್ಲ ಚಾಚಿ, ಯಾಕಂದ್ರ ನಾ ಇಳಸಲೇ ಇಲ್ಲ."

ಎಲ್ಲ ಹೇಳಿದೆ. ಹುಡುಗ ಕೇಳಿದ್ದು, ನಾನು ಹೇಳಿದ್ದು, ಪರದೆಗೆ ಹೇಳಿದ್ದು. ನಡುವೆ ಒಂದು ಲಾರಿ ಹೋಯಿತು, ಧೂಳು ಎದ್ದಿತು, ಅದು ಇಳಿದ ಮೇಲೆ ಉಳಿದದ್ದು ಹೇಳಿದೆ.

ಚಾಚಿ ಹೊಲಿಗೆಯ ಮೇಲಿದ್ದ ಕೈಯನ್ನು ಕೆಳಗಿಳಿಸಿದರು.

"ಈ ರೆಗ್ಜಿನ್ ಸಲುವಾಗಿ?"

"ಹೂಂ."

"ಗಾಡಿ ಹೊಡದವರಲ್ಲ ಅಂತ ನೀವಽ ಅಂದ್ರಿ?"

"ನಾನಽ ಅಂದೆ."

"ಮಾತಾಡ್ಸಾಕ ಬಂದ ಹೆಣ್ಣಮಕ್ಕಳಿಗೆಲ್ಲಾ ಹೇಳೀನಿ. ತವರಿಗೆ ಫೋನ್ ಮಾಡಿ ಹೇಳೀನಿ. ಬೀಗರಿಗೆ ಹೇಳೀನಿ." ದನಿ ಏರಲಿಲ್ಲ. ಏರಿದ್ದರೆ ನನಗೆ ಹಗುರವಾಗುತ್ತಿತ್ತು. ಆಮೇಲೆ ಚೀಲವನ್ನು ತೊಡೆಯ ಮೇಲಿಂದ ಪಕ್ಕಕ್ಕಿಟ್ಟು, "ಇಳಸ್ರಿ" ಅಂದರು.

"ಚಾಚಿ, ಬಿಸಲು ಭಾಳ ಐತಿ. ಇಷ್ಟ ದಿವಸ ಒಳಗ ಇದ್ದವರು ನೀವು..."

"ಅವರು ಹೊಲದದ್ದರ ಕೆಳಗ ಕುಂತು ನಿಮ್ಮ ಸುಳ್ಳ ಹೊತಗೊಂಡ ಬಂದೀನಿ. ಬಿಸಲಽ ಚಲೋ. ಇಳಸ್ರಿ."

ಕೊಂಡಿಗಳು ಬಿಗಿದಿದ್ದವು. ಒಂದನ್ನು ಕಲ್ಲಿನಿಂದ ಬಡಿದು ತೆಗೆದೆ. ಕಮಾನು ಹಿಂದಕ್ಕೆ ಬಾಗುವಾಗ ರೆಗ್ಜಿನ್ ಚರ್ರನೆ ಸೀಳಿತು. ಆ ಸಪ್ಪಳ ಚಾಚಿಗೂ ಕೇಳಿಸಿತು. ತಲೆ ಮೇಲೆತ್ತಿ ಆಕಾಶ ನೋಡಿ, ಬುರ್ಖಾದ ಅಂಚನ್ನು ಹಣೆಯ ಮೇಲೆ ಸರಿಮಾಡಿಕೊಂಡು, "ನಡೀರಿ, ಸಾವಕಾಶ" ಅಂದರು.

ಲಕ್ಷ್ಮೇಶ್ವರದ ಪೇಟೆಗೆ ಹಾಗೆಯೇ ಹೊಕ್ಕೆವು. ನೆತ್ತಿ ಬಯಲಾದ ಗಾಡಿ, ಹಿಂದೆ ಬಿಸಿಲಲ್ಲಿ ನೆಟ್ಟಗೆ ಕೂತ ಒಬ್ಬ ಮುದುಕಿ. ಕಾಳಿನ ಅಂಗಡಿಗಳವರು ಹೊರಗೆ ಬಂದು ನೋಡಿದರು. ಅಲ್ಲಿಯ ಆಟೋ ಸ್ಟ್ಯಾಂಡಿನ ಹಿರಿಯನೊಬ್ಬ ಬೀಡಿ ಆರಿಸಿ ಎದ್ದು ನಿಂತ. ಟಾಂಗಾದ ಕಾಲ ಕಂಡ ಮನುಷ್ಯ, ಹುಡ್ ಇಳಿಸಿದ್ದರ ಅರ್ಥ ಅವನಿಗೂ ಗೊತ್ತಿತ್ತು.

"ಯಾರ್ ಹೋದ್ರಪಾ?"

ನಾನು ಬಾಯಿ ತೆರೆದೆ. ಹುಡ್ ಚಾಚಾ ಎಂದರೆ ಈ ಊರಿನಲ್ಲಿ ಯಾರಿಗೆ ತಿಳಿಯಬೇಕು? ಮೈಕಿನಲ್ಲಿ ಕೇಳಿದ ಹೆಸರನ್ನು ಹೇಳುವ ಯೋಗ್ಯತೆ ನನ್ನಲ್ಲಿ ಕಾಣಲಿಲ್ಲ. ಆಗ ಹಿಂದಿನಿಂದ ಚಾಚಿ ಆ ಹೆಸರು ಹೇಳಿದರು.

ಗಂಡನ ಹೆಸರನ್ನು ಬಾಯಿಂದ ತೆಗೆಯದ ಕಾಲದ ಹೆಣ್ಣುಮಗಳು. ಮನೆಯಲ್ಲೂ "ಇವರು", "ಅವರು" ಎಂದೇ ಕರೆದವರು. ಪೇಟೆಯ ನಡುವೆ, ಗಂಡಸರ ಮುಂದೆ, ಪೂರ್ತಿ ಹೆಸರು ಹೇಳಿದರು. ತಂದೆಯ ಹೆಸರು ಸೇರಿಸಿ, ಮೈಕಿನವರು ಹೇಳಿದ ಹಾಗೆ. ಹಿರಿಯ ಕೈಯನ್ನು ಎದೆಗೆ ಇಟ್ಟುಕೊಂಡ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಚಾಚಿಯ ಬಾಯಿಂದ ಬಂದದ್ದು ಹಾಗೇ ಇರಲಿ.

ತವರಿನ ಬಾಗಿಲಲ್ಲಿ ಇಳಿದಾಗ ಅವರು ಕ್ಷಮೆಯ ಮಾತು ಆಡಲಿಲ್ಲ. ನಾನೂ ಕೇಳಲಿಲ್ಲ. ಚೀಲ ಎತ್ತಿಕೊಂಡು ಎರಡು ಹೆಜ್ಜೆ ಹೋದವರು ತಿರುಗಿ, "ಹೊಳ್ಳಿ ಹೋಗೂ ಮುಂದೂ ಇಳಸಗೊಂಡಽ ಹೋಗ್ರಿ. ನಿಮ್ಮ ಸ್ಟ್ಯಾಂಡ್ ತನಕಾ" ಅಂದರು.

ಹೋದೆ. ಹರೆಯದ ಹುಡುಗ ಪಾಳಿಯಲ್ಲಿ ನಿಂತಿದ್ದ. ನನ್ನ ಗಾಡಿಯ ನೆತ್ತಿ ನೋಡಿದ, ನನ್ನನ್ನು ನೋಡಿದ. ತನ್ನ ಗಾಡಿ ಹಿಂದೆ ಸರಿಸಿ ನನಗೆ ಜಾಗ ಬಿಟ್ಟ.

ಆ ಸೀಳು ಹಾಗೇ ಇದೆ. ಹುಬ್ಬಳ್ಳಿಯಲ್ಲಿ ಹೊಲಿಯುವವರಿದ್ದಾರೆ ಎಂದು ಹೇಳುತ್ತಾರೆ. ನಾನು ಹೋಗಿಲ್ಲ. ನಿನ್ನೆ ಸಂಜೆ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಹಿಡಿಯಿತು. ಗದಗಿನ ಬಸ್‌ಸ್ಟ್ಯಾಂಡಿನಿಂದ ಒಬ್ಬ ಹೆಣ್ಣುಮಗಳು ಹತ್ತಿದಳು. ಸ್ವಲ್ಪ ದೂರ ಹೋಗುವುದರೊಳಗೆ ಸೆರಗು ಝಾಡಿಸಿ, "ಕಾಕಾ, ಇಲ್ಲಿ ಸೋರತೈತ್ರೀ" ಅಂದಳು.

"ಹೌದವ್ವಾ, ಅಲ್ಲಿ ಸೋರತೈತಿ. ಸ್ವಲ್ಪ ಈ ಕಡೆ ಸರದು ಕುಂಡ್ರು" ಅಂದೆ.